ಅಡಿಕೆಗೆ ಬಿಸಿಲು, ಭಟ್ರಿಗೆ ಪೊಟ್ಟಣ

ನಮ್ಮ ಪೇಟೆಯ ಸಭಾಭವನದ ಎದುರು ಒಂದು ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಮಲಯಾಳ, ಕೆಳಗೆ ಕನ್ನಡ. ಕನ್ನಡ ಅಂದರೆ ಮಲಯಾಳದ ವಾಕ್ಯಕ್ಕೆ ಕನ್ನಡ ಅಕ್ಷರದ ಅಂಗಿ ತೊಡಿಸಿದ್ದು. ಕಾಸರಗೋಡಿನವರಿಗೆ ಅಂಥದ್ದನ್ನು ಓದಿ ಅಭ್ಯಾಸ ಇದೆ. 'ಸೂರ್ಯನ ಶಕ್ತಿ ಈಗ ರಿಯಾಯಿತಿ ದರದಲ್ಲಿ' ಅಂತ ನಾನು ಅರ್ಥ ಮಾಡಿಕೊಂಡೆ. ಬಿಸಿಲು ತಾಗಿ ಮೈಯಲ್ಲಿ ತಯಾರಾಗುವ ವಿಟಮಿನ್ ಡಿಯ ಪರೀಕ್ಷೆಯ ಶಿಬಿರ. ಕೆಳಗೆ ಕೆಂಪಕ್ಷರದಲ್ಲಿ 'ಇಮ್ಯುನಿಟಿ ಬೂಸ್ಟರ್' ಅಂತಲೂ ಇತ್ತು.

ಏಪ್ರಿಲ್ ತಿಂಗಳು, ಹನ್ನೊಂದೂವರೆ ಗಂಟೆ. ಅಂಗಳದಲ್ಲಿ ಶಾಮಿಯಾನ, ಒಳಗೆ ಎರಡು ದೊಡ್ಡ ಫ್ಯಾನು. ಬಿಸಿಲಿನ ಕೊರತೆ ಎಷ್ಟಿದೆ ಅಂತ ಅಳೆಸಲು ಬಂದ ಜನ, ಬಿಸಿಲು ತಾಗದ ಹಾಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಶಾಮಿಯಾನದ ಒಂದು ತೂತಿನಿಂದ ಬಿಸಿಲುಕೋಲು ನೇರ ನನ್ನ ಬೋಳು ತಲೆಗೆ ಬೀಳುತ್ತಿತ್ತು.

"ಮಾಸ್ಟ್ರೇ, ಈಚೆ ಬನ್ನಿ. ತಲೆ ಸುಡ್ತದೆ" ಅಂದರು ನೆರೆಮನೆಯ ಭಟ್ರು.

ಭಟ್ರ ಮನೆಯಂಗಳದಲ್ಲಿ ಅಡಿಕೆ ನಲವತ್ತು ದಿನ ಮಲಗಿ ಬಿಸಿಲು ಕಾಯಿಸುತ್ತದೆ. ಒಂದು ಮಗ್ಗುಲು ಜಾಸ್ತಿ, ಇನ್ನೊಂದು ಕಡಿಮೆ ಆಗದ ಹಾಗೆ ಆಳು ದಿನಾ ಕೈಯಾಡಿಸುತ್ತಾನೆ. ಭಟ್ರು ಚಾವಡಿಯಲ್ಲಿ ಕೂತು ನೋಡುತ್ತಾರೆ. ಆಳು ಶಿಬಿರಕ್ಕೆ ಬಂದಿರಲಿಲ್ಲ. ಅವನಿಗೆ ಪುರುಸೊತ್ತಿಲ್ಲ, ಅಡಿಕೆ ಅಂಗಳದಲ್ಲಿತ್ತು.

ಮೂರನೇ ದಿನ ವಾಟ್ಸಾಪ್‌ನಲ್ಲಿ ರಿಪೋರ್ಟು. 20ಕ್ಕಿಂತ ಕೆಳಗಿದ್ದರೆ ಕೊರತೆ. ನನ್ನದು 14, ಭಟ್ರದ್ದು 11. ಅಡಿಕೆಯದ್ದು ಯಾರೂ ನೋಡಲಿಲ್ಲ.

ನನಗೆ ನಗು ಬಂದದ್ದು ಆ 'ಬೂಸ್ಟರ್' ಶಬ್ದಕ್ಕೆ. ಪಟಾಕಿಗೆ ಕಿಡಿ ಇಟ್ಟ ಹಾಗೆ ರಕ್ಷಣಾ ಕೋಶಗಳೆಲ್ಲ ಎದ್ದು ಕುಣಿಯುತ್ತವೆ ಅಂತ ಜನ ತಿಳಿದಿದ್ದಾರೆ. ನಡೆಯುವುದು ಹೆಚ್ಚುಕಮ್ಮಿ ಉಲ್ಟಾ. ಎದೆಯ ನಡುಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಮೂಳೆಯ ಮಜ್ಜೆಯಿಂದ ಬಂದ ಎಳೆ ಕೋಶಗಳು ಅಲ್ಲಿ ಬಲಿತು ಟಿ ಕೋಶಗಳೆಂಬ ರಕ್ಷಣಾ ಕೋಶಗಳಾಗುತ್ತವೆ. ವ್ಯಾಪಾರದ ಮಂಡಿಯಲ್ಲಿ ಅಡಿಕೆಯನ್ನು ದರ್ಜೆ ನೋಡಿ ಹೆಕ್ಕುವುದಿಲ್ಲವೇ, ಇದು ಪಟೋರ, ಇದು ಕರಿಗೋಟು ಅಂತ? ಅಲ್ಲೂ ಹಾಗೇ. ಸ್ವಂತ ದೇಹವನ್ನೇ ಕಚ್ಚುವ ಬುದ್ಧಿ ಇರುವವನ್ನು ಅಲ್ಲೇ ಮುಗಿಸಲಾಗುತ್ತದೆ. ನೂರರಲ್ಲಿ ಐದು ಕೂಡ ಪಾಸಾಗಿ ಹೊರಬರುವುದಿಲ್ಲ. ನನ್ನ ಶಾಲೆಯಲ್ಲಿ ಅಷ್ಟು ಕಟ್ಟುನಿಟ್ಟು ಇದ್ದಿದ್ದರೆ ಊರವರು ನನ್ನನ್ನು ಉಳಿಸುತ್ತಿರಲಿಲ್ಲ.

ಈ ಹೆಕ್ಕುವ ಕೆಲಸಕ್ಕೂ ವಿಟಮಿನ್ ಡಿಗೂ ಸಂಬಂಧ ಇದೆ. ಅದು ತಯಾರಾಗದ ಇಲಿಗಳಲ್ಲಿ ಥೈಮಸ್ ಬೇಗ ಮುಪ್ಪಾಗುವುದನ್ನು, ಹೆಕ್ಕುವುದು ಸಡಿಲವಾಗುವುದನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಹೊರಬಂದ ಟಿ ಕೋಶಗಳಿಗೂ ಅದು ಮುಖ್ಯವಾಗಿ ಹೇಳುವುದು 'ಸ್ವಲ್ಪ ತಾಳು ಮಾರಾಯ' ಅಂತಲೇ. ಅಮೆರಿಕದಲ್ಲಿ 25,871 ಜನರ ಮೇಲೆ ಐದು ವರ್ಷ ನಡೆದ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ತಿಂದವರಿಗೆ, ದೇಹ ತನ್ನ ಮೇಲೇ ತಿರುಗಿ ಬೀಳುವ ಕಾಯಿಲೆಗಳು 22% ಕಡಿಮೆ ಬಂದವು. 2022ರಲ್ಲಿ ಅದು ಪ್ರಕಟವಾಯಿತು. ಜಗಳ ಬಿಡಿಸುವ ಹಿರಿಯನನ್ನು ತಂದು ನಾವು ಜಗಳ ಎಬ್ಬಿಸುವವನ ವೇಷ ಕಟ್ಟಿಸಿದ್ದೇವೆ.

ಬಿಸಿಲಿಗೆ ನಮ್ಮ ಮೇಲೆ ಬೇಸರ ಇರಬೇಕು. 2020ರ ಕೊರೋನಾ ಕಾಲದಲ್ಲಿ ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಮಂಗಳೂರಿಗೆ ಹೊರಟ ರೋಗಿಗಳನ್ನೂ ತಡೆದರಲ್ಲ, ಆಗಲೂ ಅದು ಪಾಸು ಕೇಳದೆ ಎರಡೂ ಕಡೆ ಬಿತ್ತು. ನಾವು ಕಿಟಕಿಯ ಗಾಜಿನ ಹಿಂದೆ ಕೂತು ಅರಸಿನದ ಕಷಾಯ ಕುಡಿದೆವು. ವಿಟಮಿನ್ ಡಿ ಮಾಡುವ ಕಿರಣ ಗಾಜು ದಾಟುವುದಿಲ್ಲ ಅಂತ ಯಾರಿಗೆ ಗೊತ್ತಿತ್ತು?

ಡಾಕ್ಟರು ಇಬ್ಬರಿಗೂ 60,000 ಯೂನಿಟ್‌ನ ಪುಡಿಯ ಪೊಟ್ಟಣ ಬರೆದರು. ವಾರಕ್ಕೊಂದು, ಎಂಟು ವಾರ.

"ದಿನಕ್ಕೊಂದು ತಿಂದರೆ ಬೇಗ ಬೂಸ್ಟ್ ಆಗ್ಲಿಕ್ಕಿಲ್ವಾ ಮಾಸ್ಟ್ರೇ?" ಅಂತ ಭಟ್ರು ಕೇಳಿದರು.

"ಆಗ್ತದೆ, ರಕ್ತದಲ್ಲಿ ಸುಣ್ಣ ಜಾಸ್ತಿ ಆಗಿ ಕಿಡ್ನಿಯಲ್ಲಿ ಕಲ್ಲು ಕೂತರೂ ಕೂರಬಹುದು" ಅಂದೆ. ಭಟ್ರಿಗೆ ಸುಣ್ಣ ಅಂದರೆ ವೀಳ್ಯ ನೆನಪಾಯಿತು, ಮಾತು ಅತ್ತ ಹೋಯಿತು.

ನಿನ್ನೆ ಮಧ್ಯಾಹ್ನ ಅವರ ಮನೆ ಕಡೆ ಹೋಗಿದ್ದೆ. ಭಟ್ರು ಅಂಗಳದ ಬದಿಯಲ್ಲಿ ಕೊಡೆ ಬಿಡಿಸಿ ನಿಂತಿದ್ದರು. ಬಗ್ಗಿ ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಇದಕ್ಕೆ ಇನ್ನೂ ನಾಲ್ಕು ಬಿಸಿಲು ಬೇಕು ಮಾಸ್ಟ್ರೇ" ಅಂದರು.