ಸಿನಿಮಾದ ಒಲೆ

ನಮ್ಮ ಸಿನಿಮಾಗಳಲ್ಲಿ ಹಳ್ಳಿಯ ಅಡುಗೆಮನೆಗೆ ಒಂದು ನಿಯಮವಿದೆ. ಒಲೆ ಹೊತ್ತಿದ ಕೂಡಲೇ ಎಲ್ಲಿಂದಲೋ ಕೊಳಲು ಶುರುವಾಗುತ್ತದೆ. ಹೆಂಚಿನ ಸಂದಿಯಿಂದ ಬಿಸಿಲುಕೋಲು ಇಳಿಯುತ್ತದೆ, ಅದರಲ್ಲಿ ಹೊಗೆ ಸುರುಳಿ ಸುತ್ತುತ್ತದೆ, ಅಜ್ಜಿ ನಗುತ್ತಾಳೆ. ಮರುಕ್ಷಣ ಮುದ್ದೆ ತಟ್ಟೆಯಲ್ಲಿ. ಬೆಂಗಳೂರಿನಿಂದ ಬಂದ ಮೊಮ್ಮಗ ಒಂದು ತುತ್ತು ನುಂಗಿ ಕಣ್ಣು ತುಂಬಿಕೊಳ್ಳುತ್ತಾನೆ. ನ್ಯಾಯವಾಗಿ ಕಣ್ಣಲ್ಲಿ ನೀರು ಬರಬೇಕಾದ್ದು ಅಜ್ಜಿಗೆ. ಹೊಗೆ ಇರೋದು ಅವಳ ಮುಖದ ಹತ್ತಿರ ಅಲ್ವಾ?

ಅದೇ ಸಿನಿಮಾ ಪಟ್ಟಣಕ್ಕೆ ಬಂದರೆ ಅಡುಗೆಮನೆ ಫಳಫಳ. ದೊಡ್ಡ ಫ್ರಿಜ್ಜು, ಬುಟ್ಟಿಯಲ್ಲಿ ಯಾರೂ ಮುಟ್ಟದ ಸೇಬು. ಒಗ್ಗರಣೆಯ ಸದ್ದೇ ಇಲ್ಲ. ನಾಯಕ ನಿಂತಲ್ಲೇ ಬ್ರೆಡ್ ಕಚ್ಚಿ, ಅರ್ಧ ಕಾಫಿ ಬಿಟ್ಟು, ಫೋನಿನಲ್ಲಿ ಮಾತಾಡುತ್ತಲೇ ಕಾರು ಹತ್ತುತ್ತಾನೆ. ಪಟ್ಟಣದವರಿಗೆ ಹಸಿವೇ ಆಗುವುದಿಲ್ಲ ಅಂತ ನಿರ್ದೇಶಕರು ತೀರ್ಮಾನಿಸಿಬಿಟ್ಟಿದ್ದಾರೆ.

ನನ್ನ ತಕರಾರು ಕತ್ತರಿಯ ಬಗ್ಗೆ. ಎಡಿಟಿಂಗ್ ಮೇಜಿನ ಮೇಲೆ ಮೊದಲು ಬಿದ್ದುಹೋಗುವುದೇ ಅಡುಗೆಯ ಕೆಲಸ. ಮುದ್ದೆಯನ್ನೇ ನೋಡಿ. ಎಸರು ಕುದಿಯಬೇಕು. ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು ಸುಮ್ನೆ ಬಿಡಬೇಕು. ಆತುರಪಟ್ಟು ಕಲಕಿದರೆ ಗಂಟು. ಹಿಟ್ಟು ಬೆಂದ ಮೇಲೆ ನಿಜವಾದ ಕುಸ್ತಿ ಶುರು. ಪಾತ್ರೆ ಅಲ್ಲಾಡದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆ ಕೋಲಿನಲ್ಲಿ ತೊಳಸಬೇಕು. ರಟ್ಟೆ ಬಿದ್ದುಹೋಗುತ್ತದೆ. ಆಮೇಲೆ ಕೈಗೆ ನೀರು ಮುಟ್ಟಿಸಿಕೊಂಡು ಆ ಕೆಂಡದಂಥ ಹಿಟ್ಟನ್ನು ಉಂಡೆ ಕಟ್ಟಬೇಕು. ಆಗ ಅಜ್ಜಿಯ ಬಾಯಲ್ಲಿ ಬರುವ ಮಾತುಗಳನ್ನು ಸೆನ್ಸಾರಿನವರು ಬಿಡಲಾರರು.

ಜೋಳದ ರೊಟ್ಟಿಯದು ಇನ್ನೂ ನಾಜೂಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ನಾದುವುದು. ಬೀಸಿ ಬಹಳ ದಿನವಾದ ಹಿಟ್ಟಾದರೆ ಅಂಚು ಬಿರಿಯುತ್ತದೆ. ಬಡಿಯುತ್ತಲೇ ತಿರುಗಿಸಬೇಕು, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ಪಟಪಟ ಸದ್ದು ಎಷ್ಟು ಹೊತ್ತು ನಡೆಯಿತು ಅನ್ನೋದರ ಮೇಲೆ ಯಾರ ಮನೆಗೆ ನೆಂಟರು ಬಂದಿದ್ದಾರೆ ಅಂತ ಓಣಿಯೇ ಲೆಕ್ಕ ಹಾಕಬಹುದು. ಇಷ್ಟು ಒಳ್ಳೆಯ ತಾಳ ಕೈಯಲ್ಲೇ ಇರುವಾಗ ಅದರ ಮೇಲೆ ಕೊಳಲು ಯಾಕೆ ಸುರಿಯುತ್ತಾರೋ!

ಎಲ್ಲರೂ ಹೀಗಲ್ಲ. 2015ರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ್ದರು. ಅಲ್ಲಿ ಹನ್ನೊಂದನೇ ದಿನದ ಊಟ ಅಂದರೆ ಕುರಿ ಎಲ್ಲಿಂದ ತರೋದು, ಅದಕ್ಕೆ ದುಡ್ಡು ಎಲ್ಲಿಂದ ಹೊಂದಿಸೋದು ಅನ್ನುವ ತಲೆಬಿಸಿ. ಊಟಕ್ಕೂ ಖರ್ಚಿದೆ ಅಂತ ಒಪ್ಪಿಕೊಂಡ ಸಿನಿಮಾ ಅದು.

ಊರಾದರೂ ಹಾಗೇ ಕೂತಿಲ್ಲ. ಗ್ಯಾಸ್ ಒಲೆ ಬಂದಿದೆ, ಮಿಕ್ಸಿ ಬಂದಿದೆ, ಒರಳುಕಲ್ಲು ಹಿತ್ತಲಿಗೆ ಹೋಗಿದೆ. ಕಲಾ ನಿರ್ದೇಶಕರು ಮಾತ್ರ ಅದನ್ನು ಕಷ್ಟಪಟ್ಟು ಉರುಳಿಸಿಕೊಂಡು ಮತ್ತೆ ಒಳಗೆ ತರುತ್ತಾರೆ. ಮಿಕ್ಸಿ ಮೊದಲ ಸಲ ಗುರ್ ಅಂದಾಗ ಆ ಮನೆಯ ಹೆಂಗಸರಿಗೆ ಆದ ಖುಷಿ ಇದೆಯಲ್ಲ, ಅದಕ್ಕೂ ಒಂದು ಹಾಡು ಬೇಕಿತ್ತು.

ಇನ್ನು ಬೆಂಗಳೂರಿನಲ್ಲಿ ರೊಟ್ಟಿ ಬಡಿಯುವ ಸದ್ದೇ ಇಲ್ಲವೇ? ಯಾವುದಾದರೂ ಉತ್ತರ ಕರ್ನಾಟಕದ ಖಾನಾವಳಿಯ ಹಿಂಬಾಗಿಲಿಗೆ ಹೋಗಿ ನೋಡಿ. ಊರು ಬಿಟ್ಟು ಬಂದ ಹೆಂಗಸರು ಹೊತ್ತಿಗೆ ಮುಂಚೆ ಸಾಲಾಗಿ ಕೂತು ಬಡಿಯುತ್ತಿರುತ್ತಾರೆ, ಕೂಲಿಗೆ. ಆದರೆ ಸಿನಿಮಾದಲ್ಲಿ ಊರು ಬಿಟ್ಟು ಬರುವ ಹಕ್ಕು ಸಾಫ್ಟ್‌ವೇರ್ ಹುಡುಗನಿಗೆ ಮಾತ್ರ. ಅವನು ಅವರು ಬಡಿದ ರೊಟ್ಟಿಯನ್ನೇ ಫೋನಿನಲ್ಲಿ ತರಿಸಿ ತಿಂದು, ಅಜ್ಜಿ ನೆನಪಾದಳು ಅಂತ ಮಧ್ಯಂತರದ ಹೊತ್ತಿಗೆ ಹಳ್ಳಿ ಬಸ್ಸು ಹತ್ತುತ್ತಾನೆ.