ಎರಡು ಮಾತ್ರೆಗೂ ಫಿಟ್ಸ್ ನಿಲ್ಲದಿದ್ದರೆ ದಾರಿ ಮುಚ್ಚಿತು ಎಂಬುದು ಸುಳ್ಳು

“ಎರಡು ಥರದ ಮಾತ್ರೆಗೂ ಫಿಟ್ಸ್ ನಿಲ್ಲದಿದ್ದರೆ ಇನ್ನೇನೂ ಮಾಡಕ್ಕಾಗಲ್ಲ, ಮಾತ್ರೆ ಬಿಟ್ಟುಬಿಡಿ” ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಏಕಾಏಕಿ ಮಾತ್ರೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತಾಗಬಹುದು.

ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಬರೀ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ಬರುವುದಿಲ್ಲ. ತಕ್ಕ ಎರಡು ಔಷಧಿಗಳನ್ನು ಸರಿಯಾದ ಡೋಸ್‌ನಲ್ಲಿ ತೆಗೆದುಕೊಂಡೂ ನಿಲ್ಲದಿದ್ದರೆ, ವರ್ಷಗಟ್ಟಲೆ ಸುಮ್ನೆ ಕಾಯದೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ತಲೆಗೆ ವೈರ್ ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಫಿಟ್ಸ್ ಬರುವವರೆಗೂ ಕಾದು, ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ವಿಡಿಯೋ ಇಇಜಿ ಮಾಡುತ್ತಾರೆ. ಮಿದುಳಿನ ಎಂಆರ್‌ಐ ಸ್ಕ್ಯಾನ್ ಕೂಡ ನೋಡುತ್ತಾರೆ. ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಶುರುವಾಗುತ್ತಿದ್ದು, ಆ ಭಾಗವನ್ನು ತೆಗೆದರೆ ತೊಂದರೆಯಿಲ್ಲ ಅನ್ನಿಸಿದರೆ ಆಪರೇಷನ್ ಮಾಡುತ್ತಾರೆ. ಎಲ್ಲರಿಗೂ ಆಪರೇಷನ್ ಆಗಲ್ಲ, ನಿಜ. ಅಂಥವರಿಗೆ, ಅದರಲ್ಲೂ ಮಕ್ಕಳಿಗೆ, ವೈದ್ಯರ ನಿಗಾದಲ್ಲಿ ಕೊಡುವ ಜಾಸ್ತಿ ಕೊಬ್ಬಿನ ಕೀಟೋಜೆನಿಕ್ ಆಹಾರ ಎಷ್ಟೋ ಸಲ ಕೈಹಿಡಿದಿದೆ.