ಭಾವನ ಇ-ಬೈಕಿಗೆ ನನ್ನ ವೀಲು ಹಾಕಿದ ಕಥೆ

ತುಂಬ ದಿನದಿಂದ ಬರೀಬೇಕು ಅಂತಿದ್ದೆ. ಇವತ್ತು ಚಿಕ್ಕಮಗಳೂರಲ್ಲಿ ಬೆಳಗ್ಗೆಯಿಂದ ಮಳೆ ಹೊಡೀತಾನೇ ಇದೆ, ಎಲ್ಲೂ ಹೋಗೋ ಹಾಗಿಲ್ಲ, ಅದಕ್ಕೆ ಕೂತು ಬರೀತಿದ್ದೀನಿ.

ನಮ್ಮನೇಲಿ ಎರಡು ಮೌಂಟೇನ್ ಬೈಕ್ ಇದಾವೆ. ನಂದು ಮಾಮೂಲಿ ತುಳಿಯೋದು, 14 ಕೆಜಿ. ಭಾವಂದು ಮೋಟರ್ ಇರೋದು, 24 ಕೆಜಿ. ಮಂಡಿ ನೋವು ಅಂತ ಸೈಕಲ್ ಮಾರಿಬಿಡೋಕೆ ಹೊರಟಿದ್ದವರು ಈಗ ಪ್ರತಿ ಭಾನುವಾರ ನನ್ನ ಜೊತೆ ಮುಳ್ಳಯ್ಯನಗಿರಿ ಕಡೆ ಬರ್ತಾರೆ, ಹಾಗಾಗಿ ಇ-ಬೈಕ್ ಅಂದ್ರೆ ಮೋಸ ಅಂತ ಯಾರಾದ್ರೂ ಅಂದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ.

ಎರಡು ತಿಂಗಳ ಹಿಂದೆ ತೋಟದ ರಸ್ತೇಲಿ ಕಲ್ಲಿಗೆ ಬಡಿದು ಅವರ ಹಿಂದಿನ ರಿಮ್ ಒಳಗೆ ಹೋಯ್ತು. "ನಿನ್ನ ಹಳೇ ವೀಲು ಒಂದು ಬಿದ್ದಿದ್ಯಲ್ಲೋ, ಹಾಕು ನೋಡಣ" ಅಂದ್ರು. ನೋಡಿದ್ರೆ ಎರಡೂ 29 ಇಂಚು, ವೀಲಿನ ನಡುವಿನ ಹಬ್ ಎರಡರದ್ದೂ 148 ಎಂಎಂ ಅಗಲ (ಬೂಸ್ಟ್ ಅನ್ನೋ ಅಳತೆ), ಆಕ್ಸಲ್ 12 ಎಂಎಂ, ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಎರಡೂ 203 ಎಂಎಂ. ಐದು ನಿಮಿಷದಲ್ಲಿ ಕೂತ್ಕೊಂಡ್ತು. ಪಿಕಪ್‌ನಲ್ಲಿ ಗಿರಿ ದಾರೀಲಿರೋ ಕೈಮರ ತನಕ ತಗೊಂಡೋಗಿ ಅಲ್ಲಿಂದ ತುಳಿಯೋಕೆ ಶುರು ಮಾಡಿದ್ವಿ, ನೂರಿನ್ನೂರು ಮೀಟರ್ ಆಗಿರಲಿಲ್ಲ, ಡಿಸ್‌ಪ್ಲೇಲಿ ಎರರ್ ಬಂದು ಮೋಟರ್ ನಿಂತೇ ಹೋಯ್ತು. ಮಂಡಿ ನೋವಿನ ಮನುಷ್ಯ 24 ಕೆಜಿ ತಳ್ಕೊಂಡು ವಾಪಸ್ ಬಂದಿದ್ದು ನೋಡಿ ನಂಗೆ ಹೊಟ್ಟೆ ಉರಿದುಹೋಯ್ತು.

ಕಾರಣ ಒಂದು ಚಿಕ್ಕ ಮ್ಯಾಗ್ನೆಟ್. ಇ-ಬೈಕಿನ ಹಿಂದಿನ ವೀಲಲ್ಲಿ ಮ್ಯಾಗ್ನೆಟ್ ಇರತ್ತೆ, ಅದು ಸುತ್ತೋದನ್ನ ಫ್ರೇಮಲ್ಲಿರೋ ಸೆನ್ಸರ್ ಎಣಿಸತ್ತೆ, ಅದರ ಮೇಲೆ ಮೋಟರಿಗೆ ಸ್ಪೀಡ್ ಗೊತ್ತಾಗೋದು. ಗಂಟೆಗೆ 25 ಕಿಮೀ ದಾಟಿದ್ರೆ ಅದು ಸಹಾಯ ನಿಲ್ಲಿಸಬೇಕು, ಸ್ಪೀಡೇ ಗೊತ್ತಿಲ್ಲ ಅಂದ್ರೆ ಸಹಾಯನೇ ಮಾಡಲ್ಲ. ಇದೇ ಲೆಕ್ಕಕ್ಕೆ, 29ರ ಜಾಗದಲ್ಲಿ 27.5 ಹಾಕಿ ಸೆಟ್ಟಿಂಗ್ ಬದಲಾಯಿಸದೇ ಇದ್ರೆ ಮೀಟರ್ 25 ಅಂತ ತೋರಿಸುವಾಗ ನಿಜಕ್ಕೂ 24ರ ಹತ್ರ ಇರ್ತೀವಿ, ಮೋಟರ್ ಮೊದಲೇ ಕೈ ಬಿಡತ್ತೆ. ಆದ್ರೆ ಈ ಮ್ಯಾಗ್ನೆಟ್ ಒಂದು ಬೈಕಲ್ಲಿ ರೋಟರ್ ಮೇಲೆ, ಇನ್ನೊಂದರಲ್ಲಿ ಕಡ್ಡಿ ಮೇಲೆ, ಮತ್ತೊಂದರಲ್ಲಿ ವಾಲ್ವ್ ಹತ್ರ. ಒಂದೇ ಕಡೆ ಇಟ್ಟಿದ್ರೆ ಕಂಪನಿಗಳ ಗಂಟೇನು ಹೋಗ್ತಿತ್ತು? ಭಾವಂದು ರೋಟರ್ ಜೊತೆಗೇ ಬರೋ ಥರದ್ದು, ಆ ರೋಟರ್ ಸೆಂಟರ್‌ಲಾಕು, ಅಂದ್ರೆ ನಡುವೆ ಒಂದೇ ರಿಂಗಲ್ಲಿ ಬಿಗಿಯೋದು, ನನ್ನ ಹಬ್ಬಲ್ಲಿ ರೋಟರನ್ನ ಆರು ಬೋಲ್ಟಲ್ಲಿ ಬಿಗಿಯೋದು. ಸೆಂಟರ್‌ಲಾಕ್ ಹಬ್ಬಿಗೆ ಆರು ಬೋಲ್ಟಿನ ರೋಟರ್ ಅಡಾಪ್ಟರ್ ಹಾಕಿ ಕೂರಿಸಬಹುದು, ಉಲ್ಟಾ ಆಗಲ್ಲ. ಕೊನೆಗೆ ಆರು ಬೋಲ್ಟಿಗೆ ಸೇರೋ ಮ್ಯಾಗ್ನೆಟ್ ಬೆಂಗಳೂರಿಂದ ಕೊರಿಯರಲ್ಲಿ ತರಿಸಿದ್ವಿ.

ಸರಿ ಹೋಯ್ತು ಅಂದ್ಕೊಂಡ್ವಿ, ಮೂರು ವಾರಕ್ಕೆ ಎರಡು ಕಡ್ಡಿ ಮುರೀತು, ಬೆಂಡ್ ತೆಗೆಯೋಣ ಅಂತ ಬಿಚ್ಚಿದ್ರೆ ಕ್ಯಾಸೆಟ್ಟೇ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಈಚೆಗೆ ಬರ್ತಿಲ್ಲ, ಅದು ಕೂರೋ ಅಲ್ಯೂಮಿನಿಯಂ ಫ್ರೀಹಬ್ ಒಳಗೆ ಕಚ್ಕೊಂಡು ಗೀರು ಮಾಡಿಬಿಟ್ಟಿತ್ತು. ಇದು ವೀಲಿನ ತಪ್ಪಲ್ಲ ಕಣ್ರಿ. 70 ಕೆಜಿ ಮನುಷ್ಯ ಪೂರ್ತಿ ಭಾರ ಹಾಕಿ 170 ಎಂಎಂ ಕ್ರ್ಯಾಂಕ್ (ಪೆಡಲ್ ಸೇರೋ ತೋಳು) ಮೇಲೆ ನಿಂತ್ರೆ ಒಂದು ಕ್ಷಣಕ್ಕೆ ಸುಮಾರು 115 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಗಿಸೋ ಬಲ, ಬರತ್ತೆ. ಅದರ ಮೇಲೆ ಮೋಟರ್ ಇನ್ನೊಂದು 85 ಹಾಕತ್ತೆ, ಅದೂ ಏರಲ್ಲಿ ಬಿಡದೇ, ಮೇಲಿಂದ ಹತ್ತು ಕೆಜಿ ಜಾಸ್ತಿ ಭಾರ. 28 ತೆಳು ಕಡ್ಡಿ ಎಷ್ಟು ತಡೀತಾವೆ. ವೀಲು, ಹಬ್ಬು ಮಾಡೋ ಡಿಟಿ ಸ್ವಿಸ್ ಕಂಪನಿಯೋರು ಇ-ಬೈಕಿಗೆ ಅಂತಾನೇ ಮಾಡೋ ಹೈಬ್ರಿಡ್ ಹಬ್ಬಲ್ಲಿ ಫ್ರೀಹಬ್ ಸ್ಟೀಲಿಂದು, ಬೇರಿಂಗೂ ದೊಡ್ಡವು, ಸುಮ್ನೆ ಅಲ್ಲ ಅದು.

ಇಷ್ಟಾದ್ರೂ ಹಂಚ್ಕೋಬೇಡಿ ಅಂತ ನಾನು ಹೇಳಲ್ಲ. ನಮ್ಮೂರಲ್ಲಿ ಹಂಚ್ಕೊಳ್ದೇ ಬೇರೆ ದಾರೀನೇ ಇಲ್ಲ, ಒಂದು ಬೇರಿಂಗಿಗೂ ಬೆಂಗಳೂರಿಗೆ ಫೋನ್ ಮಾಡ್ಬೇಕು. ಇ-ಬೈಕಿನ ಗಟ್ಟಿ ವೀಲನ್ನ ಮಾಮೂಲಿ ಬೈಕಿಗೆ ಧೈರ್ಯವಾಗಿ ಹಾಕಿ, ಸ್ವಲ್ಪ ಭಾರ ಅನ್ಸತ್ತೆ ಅಷ್ಟೇ. ಮಾಮೂಲಿ ಬೈಕಿಂದು ಇ-ಬೈಕಿಗೆ ಕೊಡೋವಾಗ 32 ಕಡ್ಡಿ, ಸ್ಟೀಲ್ ಫ್ರೀಹಬ್ ಇರೋದು ಮಾತ್ರ ಕೊಡಿ. ಮುಂದಿನ ವೀಲಿಗೆ ಮೋಟರ್ ಕಾಟ ಇಲ್ಲ, ಹಬ್ ಅಗಲ 110, ಆಕ್ಸಲ್ 15 ಎಂಎಂ, ರೋಟರ್ ಸೈಜು ಎರಡು ಬೈಕಿಗೂ ಒಂದೇ ಆದ್ರೆ ಮುಗೀತು. ಬ್ರೇಕ್ ಉಜ್ಜಿದ್ರೆ ರೋಟರ್ ಕೆಳಗೆ 0.2 ಎಂಎಂ ಶಿಮ್ (ತೆಳು ವಾಷರ್) ಹಾಕಿ. ಪೆಡಲ್, ಗ್ರಿಪ್ ಯಾವುದಕ್ಕಾದ್ರೂ ಆಗತ್ತೆ, ಕ್ರ್ಯಾಂಕ್ ಮಾತ್ರ ಆಗಲ್ಲ, ಕೇಳ್ಲೇಬೇಡಿ.

ಒಂದು ವಿಷಯ ಮಾತ್ರ ಯಾರೂ ಹೇಳಲ್ಲ, ಕ್ಯಾಸೆಟ್ ಸಮೇತ ವೀಲ್ ಬದಲಾಯಿಸಬೇಡಿ. ಇ-ಬೈಕಲ್ಲಿ ಚೈನ್ ಬೇಗ ಸವೆಯತ್ತೆ, ಆ ಸವೆದ ಚೈನಿಗೆ ತಕ್ಕ ಹಾಗೆ ಹಲ್ಲೂ ಸವೆದಿರತ್ತೆ, ಅದೇ ಕ್ಯಾಸೆಟ್ ಮೇಲೆ ಇನ್ನೊಂದು ಬೈಕಿನ ಹೊಸ ಚೈನ್ ಕೂರಿಸಿದ್ರೆ ಏರಲ್ಲಿ ಜೋರಾಗಿ ತುಳಿದಾಗ ಜಾರತ್ತೆ, ಮಂಡಿ ಹೋಗಿ ಹ್ಯಾಂಡಲ್ಲಿಗೆ ಬಡಿಯತ್ತೆ. ಅವರವರ ಕ್ಯಾಸೆಟ್ ಅವರವರಿಗೆ. ಚೈನ್ ಸವೆದು 0.5 ಪರ್ಸೆಂಟ್ ಉದ್ದ ಆಗಿದ್ರೆ ಯೋಚನೆ ಮಾಡದೇ ಬದಲಾಯಿಸಿ.

ನಂಗೆ ಸಿಟ್ಟಿರೋದು ಮಾರುವವರ ಮೇಲೆ. ಮನೇಲಿ ಇನ್ನೊಂದು ಬೈಕ್ ಇದೆ ಅಂತ ಹೇಳಿದ್ರೂ ಅಂಗಡೀಲಿ ಬ್ಯಾಟರಿ, ಮೋಟರ್ ಬಗ್ಗೆ ಒಂದು ಗಂಟೆ ಮಾತಾಡಿದ್ರು, ಹಬ್ ಯಾವುದು, ರೋಟರ್ ಯಾವುದು ಅಂತ ಒಂದು ಮಾತಿಲ್ಲ. ಎರಡು ಲಕ್ಷದ ಮೇಲೆ ಕೊಡೋವಾಗ ಇದನ್ನ ನೀವೇ ಕೇಳಿ, ಮನೇಲಿರೋ ಬೈಕಿನ ಅಳತೆ ಬರ್ಕೊಂಡು ಹೋಗಿ.

ಈಗ ನಾವಿಬ್ರೂ ಸೇರಿ ಒಂದು ಗಟ್ಟಿ ಸೆಂಟರ್‌ಲಾಕ್ ವೀಲ್‌ಸೆಟ್ ಕಟ್ಟಿಸ್ತಿದ್ದೀವಿ, ಅದಕ್ಕೆ ಕೆಸರಲ್ಲಿ ಹಿಡಿಯೋ ಟೈರು. ಜೂನಿಂದ ಸೆಪ್ಟೆಂಬರ್ ತನಕ ಆ ಕೆಂಪು ಕೆಸರಿಗೆ ಯಾರು ಹೊರಡ್ತಾರೋ ಅವರು ಹಾಕ್ಕೊಳ್ಳೋದು. ರಿಮ್ಮು, ಹಬ್ಬು, ಕಡ್ಡಿ ಬಂದಿದೆ, ಮ್ಯಾಗ್ನೆಟ್ ಇರೋ 203ರ ರೋಟರ್ ಒಂದು ಬಾಕಿ. ಹಾಸನ, ಸಕಲೇಶಪುರ ಕಡೆ ಯಾರ ಹತ್ರ ಆದ್ರೂ ಇದ್ರೆ ಇನ್‌ಬಾಕ್ಸ್ ಮಾಡಿ, ನಾನೇ ಬಂದು ತಗೊಂಡೋಗ್ತೀನಿ.